ಋಣ ಅಯಾನು ಪರೀಕ್ಷೆ

ಲವಣದಲ್ಲಿರುವ ಋಣ ಅಯಾನು ಯಾವುದೆಂದು ಗುರುತಿಸುವ ಗುಣಾತ್ಮಕ ವಿಶ್ಲೇಷಣೆ. ಸಿಬಿಎಸ್‌ಇ ವಿದ್ಯಾರ್ಥಿಗೂ ಕರ್ನಾಟಕದ ದ್ವಿತೀಯ ಪಿಯುಸಿ ವಿದ್ಯಾರ್ಥಿಗೂ ಪ್ರಯೋಗಾಲಯದಲ್ಲಿ ಇದು ಸಮಾನ ಪಾಠ. ಕಾರ್ಬೊನೇಟ್ ಸುಲಭ: ಆಮ್ಲ ಬಿದ್ದೊಡನೆ ನೊರೆಯುಕ್ಕಿ, ಹೊರಬಂದ ಅನಿಲ ಸುಣ್ಣದ ತಿಳಿನೀರನ್ನು ಹಾಲಿನಂತೆ ಬಿಳುಪಾಗಿಸುತ್ತದೆ. ಕ್ಲೋರೈಡ್‌ಗೆ ಸಿಲ್ವರ್ ನೈಟ್ರೇಟ್ ಸೇರಿಸಿದರೆ ಅಮೋನಿಯಾದಲ್ಲಿ ಕರಗುವ ಬಿಳಿ ಪ್ರಕ್ಷೇಪ ಬರುತ್ತದೆ. ಮೊದಲು ನೈಟ್ರಿಕ್ ಆಮ್ಲ ಹಾಕದಿದ್ದರೆ ಕಾರ್ಬೊನೇಟ್ ಕೂಡ ಪ್ರಕ್ಷೇಪ ಕೊಟ್ಟು ದಾರಿ ತಪ್ಪಿಸುತ್ತದೆ. ಸಲ್ಫೇಟ್‌ಗೆ ಬೇರಿಯಂ ಕ್ಲೋರೈಡ್.

ನೈಟ್ರೇಟ್‌ನ ಕಂದು ಉಂಗುರ ಪರೀಕ್ಷೆಯೇ ಹೆಚ್ಚು ಸ್ವಾರಸ್ಯಕರ. ಹೊಸದಾಗಿ ಕರಗಿಸಿದ ಫೆರಸ್ ಸಲ್ಫೇಟ್ ಬೆರೆಸಿ, ಪ್ರನಾಳದ ಗೋಡೆಯಗುಂಟ ಪ್ರಬಲ ಸಲ್ಫ್ಯೂರಿಕ್ ಆಮ್ಲ ಇಳಿಸಿದರೆ ಎರಡು ದ್ರವಗಳ ಸಂಧಿಯಲ್ಲಿ ಉಂಗುರ ಮೂಡುತ್ತದೆ. ಇದರ ಸಮೀಕರಣ ಸರಿದೂಗಿಸುವಾಗ ಪರಮಾಣುಗಳನ್ನಷ್ಟೇ ಎಣಿಸಿದರೆ ಸಾಲದು, ವಿದ್ಯುದಂಶವೂ ಹೊಂದಬೇಕು. 1 ನೈಟ್ರೇಟ್, 3 ಫೆರಸ್, 4 ಹೈಡ್ರೋಜನ್ ಅಯಾನು ಸೇರಿ 1 ನೈಟ್ರಿಕ್ ಆಕ್ಸೈಡ್, 3 ಫೆರಿಕ್ ಅಯಾನು, 2 ನೀರಿನ ಅಣುಗಳಾಗುತ್ತವೆ. ಎರಡೂ ಬದಿಯ ಒಟ್ಟು ವಿದ್ಯುದಂಶ ಧನ 9. ಉಂಗುರದ ಬಣ್ಣ, ಈ ನೈಟ್ರಿಕ್ ಆಕ್ಸೈಡ್ ಉಳಿದ ಫೆರಸ್ ಅಯಾನಿನೊಡನೆ ಕಟ್ಟುವ ಸಂಕೀರ್ಣದ್ದು.

ಉಂಗುರದಿಂದ ಪ್ರಮಾಣ ತಿಳಿಯದು. ಕೊಳವೆಬಾವಿ ನೀರಿನ ತಪಾಸಣೆಗೆ ಉಪಕರಣದ ಅಳತೆಯೇ ಬೇಕು. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ.