ಗುತ್ತಿಗೆ: ಗಡಿಸೀಮೆಯ ಒಂದು ಪದದ ಚರಿತ್ರೆ

ಗುತ್ತಿಗೆ: ಹೊಲ, ಮರ, ಕೆರೆ, ಸಂತೆಯ ಸುಂಕ, ಕಲ್ಲುಗಣಿ, ಕಟ್ಟಡದ ಕೆಲಸ ಮುಂತಾದವನ್ನು ಗೊತ್ತಾದ ಅವಧಿಗೆ, ಗೊತ್ತಾದ ಮೊತ್ತಕ್ಕೆ ವಹಿಸಿಕೊಡುವ ಕರಾರು. ನಿಘಂಟಿನಲ್ಲಿ ಇದು ಒಪ್ಪಂದ, ಒಡಂಬಡಿಕೆ, ಕರಾರುಗಳ ಪಂಕ್ತಿಯಲ್ಲೇ ಕೂರುತ್ತದಾದರೂ ಇದರ ಗುಣ ಬೇರೆ. ಒಡಂಬಡಿಕೆಯಲ್ಲಿ ‘ಒಡನೆ’ ಇದೆ, ಒಪ್ಪಂದದಲ್ಲಿ ‘ಒಪ್ಪು’ ಇದೆ. ಎರಡೂ ಇಬ್ಬರ ಮನಸ್ಸು ಕೂಡಿದ್ದನ್ನು ಹೇಳುತ್ತವೆ. ಕರಾರು ಅರಬ್ಬಿಯಲ್ಲಿ ಹುಟ್ಟಿ ಪಾರಸಿಯ ಮೂಲಕ ಕಚೇರಿಗೆ ಬಂದ ಮಾತು. ಗುತ್ತಿಗೆಯಲ್ಲಿ ಮುಖ್ಯವಾದದ್ದು ಮನಸ್ಸಲ್ಲ, ಮೊತ್ತ. ಬೆಳೆ ಬಂದರೂ ಅಷ್ಟೇ, ಬಾರದಿದ್ದರೂ ಅಷ್ಟೇ. ನಷ್ಟದ ಹೊರೆ ಯಾರ ಹೆಗಲಿಗೆ ಎಂಬುದನ್ನು ಮೊದಲೇ ತೀರ್ಮಾನಿಸಿಬಿಡುವುದೇ ಈ ಪದದ ತಿರುಳು. ಅದರ ಅರ್ಥ ಊರಿನಿಂದ ಊರಿಗೆ, ಭಾಷೆಯಿಂದ ಭಾಷೆಗೆ ಜರುಗಿದ್ದು ಏಕೆಂಬುದೂ ಈ ತಿರುಳನ್ನು ಹಿಡಿದರೆ ತಿಳಿಯುತ್ತದೆ.

ನಡುಗನ್ನಡದ ಶಾಸನಗಳಲ್ಲಿ ಕಾಣುವ ರೂಪ ‘ಗುತ್ತಗೆ’. ಶಾಸನಗಳ ‘ಕೊಡಗೆ’ ಈಗ ‘ಕೊಡುಗೆ’ ಆದಂತೆ ಇಲ್ಲಿಯೂ ನಡುವಿನ ಸ್ವರ ಬದಲಾಗಿ ‘ಗುತ್ತಿಗೆ’ ನಿಂತಿತು. ತಮಿಳಿನಲ್ಲಿ ಇದು ‘ಕುತ್ತಗೈ’, ತೆಲುಗಿನಲ್ಲಿ ‘ಗುತ್ತ’, ಮಲಯಾಳದಲ್ಲಿ ‘ಕುತ್ತಗ’. ಚಾಮರಾಜನಗರದ ಸೀಮೆಯಲ್ಲಿ ಕನ್ನಡ ಶಾಸನಗಳ ಜೊತೆಗೆ ತಮಿಳು ಶಾಸನಗಳೂ ಇವೆ. ಕೊಳ್ಳೇಗಾಲವಂತೂ 1956ರವರೆಗೆ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹಾಗಿದ್ದಮೇಲೆ ಪದವೂ ತಮಿಳಿನಿಂದಲೇ ಬಂದಿರಬಾರದೇಕೆ ಎಂಬ ಪ್ರಶ್ನೆ ಸಹಜ. ಆದರೆ ತಮಿಳುನಾಡಿನ ಗಡಿಗೆ ದೂರವಾದ ಕಲಬುರಗಿ ಕಡೆಯಲ್ಲೂ ‘ಗುತ್ತೇದಾರ’ ಎಂಬುದು ಮನೆತನದ ಹೆಸರಾಗಿ ಉಳಿದಿದೆ. ತೆಲುಗಿನಲ್ಲೂ ಕನ್ನಡದಂತೆ ಗಕಾರವೇ ಮೊದಲಿಗೆ ಬರುತ್ತದೆ. ಒಬ್ಬರು ಇನ್ನೊಬ್ಬರಿಂದ ಎರವಲು ಪಡೆದರು ಎನ್ನುವುದಕ್ಕಿಂತ, ಅಕ್ಕತಂಗಿಯರು ತವರಿನಿಂದ ಹಂಚಿಕೊಂಡು ತಂದ ಒಡವೆ ಎನ್ನುವುದೇ ಹೆಚ್ಚು ಒಪ್ಪುತ್ತದೆ.

ಗುತ್ತಿಗೆಯ ಬೆಲೆ ತಿಳಿಯಬೇಕಾದರೆ ಪಕ್ಕದಲ್ಲಿ ‘ವಾರ’ವನ್ನು ಇಟ್ಟು ನೋಡಬೇಕು. ವಾರಕ್ಕೆ ಕೊಟ್ಟ ಹೊಲದ ಫಸಲು ಕಣದಲ್ಲಿ ರಾಶಿಯಾದ ಮೇಲೆ ಪಾಲಾಗುತ್ತದೆ. ಮಳೆ ಕೈಕೊಟ್ಟರೆ ಒಡೆಯನಿಗೂ ಕಡಿಮೆ, ಉತ್ತವನಿಗೂ ಕಡಿಮೆ. ಗುತ್ತಿಗೆಯಲ್ಲಿ ಕಣಕ್ಕೆ ಮಾತಿಲ್ಲ. ಗುಂಡ್ಲುಪೇಟೆಯಂಥ ಮಳೆನೆರಳಿನ ಬೆದ್ದಲು ನಾಡಿನಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ. ಅದೇ ಲೆಕ್ಕ ಊರುಗಳ ಮಟ್ಟಕ್ಕೂ ಏರಿತ್ತು: ಮೈಸೂರು ಸಂಸ್ಥಾನದಲ್ಲಿ ಇಡೀ ಗ್ರಾಮವನ್ನು ಎಂದೂ ಏರದ ನಿಗದಿ ಮೊತ್ತಕ್ಕೆ ಬಿಟ್ಟುಕೊಟ್ಟರೆ ಅದು ‘ಕಾಯಂಗುತ್ತ’. ಅಲ್ಲಿ ಮೊತ್ತ ನಿಂತಲ್ಲೇ ನಿಂತದ್ದರಿಂದ ಲಾಭವೆಲ್ಲ ಹಿಡಿದವನದು. ಹಾಗಾಗಿ ಗುತ್ತಿಗೆ ಎಂದರೆ ಬಡವನ ಕೊರಳಿಗೆ ಉರುಳು ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ತಪ್ಪು. ಅದು ಎರಡಲಗಿನ ಕತ್ತಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ‘ಶರ್ತಿ’ ಪದ್ಧತಿಯೂ ಹೆಸರು ಬೇರೆಯಾದ ಗುತ್ತಿಗೆಯೇ. ಇಷ್ಟು ಕಂದಾಯ ತಂದೇ ತರುತ್ತೇನೆ, ಕಡಿಮೆ ಬಿದ್ದರೆ ಕೈಯಿಂದ ತುಂಬುತ್ತೇನೆ ಎಂದು ಅಮಲ್ದಾರನೇ ಒಪ್ಪಿಕೊಳ್ಳುತ್ತಿದ್ದ. ಅವನು ಕೈಯಿಂದ ತುಂಬಬೇಕಾದದ್ದನ್ನು ರೈತನಿಂದ ಹಿಂಡಿದ. ಅದು 1830ರ ನಗರ ಸೀಮೆಯ ದಂಗೆಗೆ ಒಂದು ಕಾರಣವಾಯಿತು. ಮರುವರ್ಷ ಆಡಳಿತ ಬ್ರಿಟಿಷರ ಕೈಸೇರಿತು.

1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ, ಒಕ್ಕಲುತನದ ಕರಾರುಗಳನ್ನೂ ಬರೆದುಕೊಂಡು ಹೋದ ಫ್ರಾನ್ಸಿಸ್ ಬುಕಾನನ್ ಸ್ಕಾಟ್ಲೆಂಡಿನವನು. ಅವನ ನಾಡಿನಲ್ಲೂ ಇಂಥದೇ ಹಳೆಯ ಮಾತೊಂದಿತ್ತು, ‘ಟ್ಯಾಕ್’. ‘ತೆಗೆದುಕೊಂಡದ್ದು’ ಎಂಬ ಮೂಲದ ಈ ಪದ ಜಮೀನಿನ ಗುತ್ತಿಗೆಗೆ ಸಲ್ಲುತ್ತಿತ್ತು. ಅದನ್ನು ಹಿಡಿದವನು ‘ಟ್ಯಾಕ್ಸ್‌ಮನ್’. ಭೂಮಿ ಮಾರಾಟವಾಗಿ ಒಡೆಯ ಬದಲಾದರೂ ಅವಧಿ ಮುಗಿಯುವ ತನಕ ಹಿಡಿದವನನ್ನು ಎಬ್ಬಿಸುವಂತಿಲ್ಲ ಎಂದು 1449ರಲ್ಲೇ ಅಲ್ಲಿ ಶಾಸನವಾಯಿತು. ಟ್ಯಾಕ್ ಹಿಡಿದವನ ಕೈಯನ್ನು ನೋಡಿದರೆ ಗುತ್ತಿಗೆ ಹಣದ ಗಂಟನ್ನು ನೋಡುತ್ತದೆ.

ನಮ್ಮಲ್ಲಿ ಕಾನೂನು ಹಿಡಿದ ದಾರಿ ಬೇರೆ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಉಳುವವನನ್ನೇ ಹೊಲದೊಡೆಯನನ್ನಾಗಿಸಿ, ಸೈನಿಕರಂಥ ಕೆಲವರನ್ನು ಬಿಟ್ಟು ಮಿಕ್ಕವರು ಸಾಗುವಳಿ ಭೂಮಿಯನ್ನು ಇನ್ನೊಬ್ಬರಿಗೆ ಉಳಲು ಕೊಡುವುದನ್ನೇ ನಿಲ್ಲಿಸಿತು. ಆ ಸುಧಾರಣೆಯ ಚರ್ಚೆಯಲ್ಲಿ ಮೆರೆದ ಮಾತು ‘ಗೇಣಿ’, ‘ಗೇಣಿದಾರ’. ಕಾಗದದ ಮೇಲೆ ಹೊಲ ಕಳೆದುಕೊಂಡ ಗುತ್ತಿಗೆ ಬೇರೆ ನೆಲೆ ಹುಡುಕಿತು: ಚಾಮರಾಜನಗರದ ಕರಿಕಲ್ಲಿನ ಗಣಿ, ರಸ್ತೆ ಕಾಮಗಾರಿ, ಕೆರೆಯ ಮೀನು, ಹುಣಸೆಮರದ ಹರಾಜು, ಕೊನೆಗೆ ಮನುಷ್ಯನ ದುಡಿಮೆ. ಗುತ್ತಿಗೆ ನೌಕರನಿಗೆ ಸಿಗುವುದು ತಿಂಗಳ ಸಂಬಳ; ಅವನು ಯಾವ ಇಡಿಗಂಟನ್ನೂ ಕಟ್ಟಿರುವುದಿಲ್ಲ; ಹಾಗಾದರೆ ಮೇಲಿನ ವಾದ ಇಲ್ಲಿಗೆ ಹೇಗೆ ಹೊಂದುತ್ತದೆ ಎಂದು ಕೇಳಬಹುದು. ಗಂಟು ಗುತ್ತಿಗೆದಾರನಿಗೂ ಕಚೇರಿಗೂ ನಡುವಿನದು ಎಂಬುದು ಅರ್ಧ ಉತ್ತರ. ಉಳಿದರ್ಧ: ಕೆಲಸ ಇರುತ್ತದೋ ಇಲ್ಲವೋ ಎಂಬ ಅನಿಶ್ಚಿತತೆ ಕಚೇರಿಯಿಂದ ಜಾರಿ ನೌಕರನ ಮೇಲೆ ಬಿದ್ದಿರುತ್ತದೆ. ಮೊತ್ತ ಮರೆಯಾದರೂ ಹೊರೆಯ ವರ್ಗಾವಣೆ ಉಳಿಯಿತು. ಪದವೂ ಅದರ ಹಿಂದೆಯೇ ಹೋಯಿತು.

ಗುಂಡ್ಲುಪೇಟೆಯ ಚೆಂಡುಹೂವಿನ ಬೇಸಾಯ ಈ ವಾದಕ್ಕೆ ಇನ್ನೂ ಬಿಗಿಯಾದ ಒರೆಗಲ್ಲು. ಹೂವಿನ ಬಣ್ಣ ತೆಗೆಯುವ ಕಂಪನಿಗಳು ಬಿತ್ತನೆಬೀಜ ಕೊಟ್ಟು, ಕಿಲೋಗೆ ಇಷ್ಟೆಂದು ಮೊದಲೇ ದರ ಕಟ್ಟುತ್ತವೆ. ಇದನ್ನು ಕೆಲವರು ಗುತ್ತಿಗೆ ಕೃಷಿ ಎನ್ನುತ್ತಾರೆ, ಕೆಲವರು ಒಪ್ಪಂದ ಕೃಷಿ. ಈ ತಡವರಿಕೆಗೆ ಕಾರಣವಿದೆ: ನಿಗದಿಯಾದದ್ದು ದರ ಮಾತ್ರ, ಒಟ್ಟು ಮೊತ್ತವಲ್ಲ. ಮಾರುಕಟ್ಟೆಯ ಏರಿಳಿತ ಕಂಪನಿಗೆ, ಮಳೆಯ ಏರುಪೇರು ರೈತನಿಗೆ. ಹೊರೆ ಎರಡು ಪಾಲಾದದ್ದರಿಂದ ಇದು ವಾರವೂ ಅಲ್ಲ, ಹಳೆಯ ಅರ್ಥದ ಗುತ್ತಿಗೆಯೂ ಅಲ್ಲ. ಶುಂಠಿಯದು ಹಾಗಲ್ಲ. ವಯನಾಡಿನ ಬೆಳೆಗಾರರು ಈ ಕಡೆಯ ಹೊಲಗಳನ್ನು ಎಕರೆಗಿಷ್ಟೆಂದು ಹಿಡಿದು ಶುಂಠಿ ಹಾಕುತ್ತಾರೆ. ಕೊಳೆರೋಗದ ಭಯಕ್ಕೆ ಅದೇ ನೆಲದಲ್ಲಿ ಮತ್ತೆ ಅದನ್ನೇ ಬೆಳೆಯುವಂತಿಲ್ಲವಾದ್ದರಿಂದ ಅವಧಿ ಚಿಕ್ಕದು. ಧಾರಣೆ ನೆಲ ಕಚ್ಚಿದರೂ ಹೊಲದವನ ದುಡ್ಡು ಹೊಲದವನದೇ. ಕಾನೂನು ಏನೇ ಹೇಳಲಿ, ಇದು ಶಾಸನಕಾಲದ ಗುತ್ತಗೆಯ ನೇರ ಸಂತಾನ.

ಆ ಬೆಳೆಗಾರರು ಮಾತ್ರ ಇದನ್ನು ‘ಪಾಟ್ಟಂ’ ಎನ್ನುತ್ತಾರೆ. ಅವರ ನುಡಿಯಲ್ಲಿ ಕುತ್ತಗ ಎಂದರೆ ಈಗ ಏಕಸ್ವಾಮ್ಯ: ಮೊತ್ತ ಕಟ್ಟಿ ಹಿಡಿದವನಿಗೆ ಬಿಟ್ಟು ಇನ್ನಾರಿಗೂ ಹಕ್ಕಿಲ್ಲ ಎಂಬ ಒಂದಂಶವೇ ಅಲ್ಲಿ ಬೆಳೆದು ಪೂರ್ತಿ ಅರ್ಥವಾಯಿತು. ಕನ್ನಡಕ್ಕೆ ಆ ಅಂಶ ಅಪರಿಚಿತವೇನಲ್ಲ. ‘ನ್ಯಾಯವನ್ನೆಲ್ಲ ಇವನೇ ಗುತ್ತಿಗೆ ಹಿಡಿದವನ ಹಾಗೆ ಆಡ್ತಾನೆ’ ಎಂದು ಜಗಲಿಯ ಮೇಲೆ ಯಾರಾದರೂ ರೇಗಿದಾಗ ಅವರ ಬಾಯಲ್ಲಿರುವುದೂ ಅದೇ ಅರ್ಥ.