ಚಿನ್ನದ ಬೂಟು: ಗೋಲು ಎಣಿಸುವುದು ಅಷ್ಟು ಸುಲಭವಲ್ಲ

ಫುಟ್‌ಬಾಲ್ ಆಟದಲ್ಲಿ ಗೋಲಿನಷ್ಟು ಸ್ಪಷ್ಟವಾದ ಸಂಗತಿ ಇನ್ನೊಂದಿಲ್ಲ. ಚೆಂಡು ಗೆರೆ ದಾಟಿದರೆ ಗೋಲು, ದಾಟದಿದ್ದರೆ ಇಲ್ಲ. ಹಾಗಿರುವಾಗ ವರ್ಷದಲ್ಲಿ ಯಾರು ಎಷ್ಟು ಗೋಲು ಹೊಡೆದರು ಎಂದು ಎಣಿಸಿ ಪಟ್ಟಿ ಮಾಡುವುದರಲ್ಲಿ ಕಷ್ಟವೇನು? ಬೆರಳು ಮಡಿಸಿ ಲೆಕ್ಕ ಹಾಕಿದರೆ ಆಯಿತು ಎಂದು ಯಾರಿಗಾದರೂ ಅನ್ನಿಸೀತು. ಆದರೆ ಯುರೋಪಿನ ಕ್ಲಬ್ ಫುಟ್‌ಬಾಲಿನಲ್ಲಿ ಈ ಸರಳ ಎಣಿಕೆಯೇ ಜಗಳಕ್ಕೆ ಕಾರಣವಾಗಿ, ಹೆಸರಾಂತ ಪ್ರಶಸ್ತಿಯೊಂದು ಆರು ಋತುಗಳ ಕಾಲ ನಿಂತುಹೋಗಿತ್ತು. ಮತ್ತೆ ಶುರುವಾದಾಗ ಗೋಲನ್ನು ಅಳೆಯುವ ಕ್ರಮವೇ ಬದಲಾಗಿತ್ತು. ಅದು 'ಗೋಲ್ಡನ್ ಬೂಟ್', ಅಂದರೆ ಚಿನ್ನದ ಬೂಟಿನ ಕತೆ.

ಒಂದು ಗೋಲಿಗೆ ಒಂದೇ ಬೆಲೆ

ಯುರೋಪಿನ ಬಹುತೇಕ ಪ್ರತಿಯೊಂದು ದೇಶಕ್ಕೂ ತನ್ನದೇ ಆದ ಲೀಗ್ ಇದೆ. ಅದರ ಮೇಲ್ದರ್ಜೆಯಲ್ಲಿರುವ ಕ್ಲಬ್‌ಗಳು ಸಾಮಾನ್ಯವಾಗಿ ತಮ್ಮ ಊರಿನಲ್ಲಿ ಒಮ್ಮೆ, ಎದುರಾಳಿಯ ಊರಿನಲ್ಲಿ ಒಮ್ಮೆ ಪರಸ್ಪರ ಸೆಣಸುತ್ತವೆ. ಋತು ಮುಗಿದಾಗ ಪ್ರತಿ ದೇಶದಲ್ಲೂ ಒಬ್ಬ ಅಗ್ರ ಗೋಲುಗಾರ ಇರುತ್ತಾನೆ. ಈ ಎಲ್ಲರನ್ನೂ ಒಂದೇ ಪಟ್ಟಿಯಲ್ಲಿ ನಿಲ್ಲಿಸಿ, ಅತಿ ಹೆಚ್ಚು ಗೋಲು ಹೊಡೆದವನಿಗೆ ಬಹುಮಾನ ಕೊಡುವ ಪದ್ಧತಿಯನ್ನು 1967-68ರ ಋತುವಿನಲ್ಲಿ ಫ್ರಾನ್ಸಿನ ಕ್ರೀಡಾ ಪತ್ರಿಕೆ 'ಲೆಕಿಪ್' ಆರಂಭಿಸಿತು. 1955ರಲ್ಲಿ ಶುರುವಾದ ಯುರೋಪಿಯನ್ ಕಪ್ ಪಂದ್ಯಾವಳಿಯ ಕಲ್ಪನೆಯೂ ಇದೇ ಪತ್ರಿಕೆಯದು. ಪತ್ರಿಕೆಗಳು ಆಟದ ವರದಿಯನ್ನಷ್ಟೇ ಮಾಡದೆ ಆಟದ ಚರಿತ್ರೆಯನ್ನೂ ತಿದ್ದುತ್ತಿದ್ದ ಕಾಲ ಅದು.

ಮೊದಲ ಬೂಟು ಪೋರ್ಚುಗಲ್‌ನ ಬೆನ್ಫಿಕಾ ಕ್ಲಬ್ಬಿನ ಯುಸೇಬಿಯೊ ಪಾಲಾಯಿತು. ಆತನ ಗೋಲುಗಳು 42. ಜರ್ಮನಿಯ ಬಾಯರ್ನ್ ಮ್ಯೂನಿಕ್‌ನ ಗೆರ್ಡ್ ಮ್ಯುಲರ್ 1970ರಲ್ಲಿ 38, 1972ರಲ್ಲಿ 40 ಗೋಲು ಹೊಡೆದು ಎರಡು ಬಾರಿ ಗೆದ್ದ. ನಿಯಮ ಸರಳವಾಗಿತ್ತು. ಒಂದು ಗೋಲಿಗೆ ಒಂದೇ ಬೆಲೆ, ಅದನ್ನು ಎಲ್ಲಿ ಹೊಡೆದರೂ ಸರಿ. ಆದ್ದರಿಂದಲೇ ಸಣ್ಣ ದೇಶಗಳ ಆಟಗಾರರಿಗೂ ಈ ಬೂಟು ಕೈಗೆಟಕುತ್ತಿತ್ತು. ಬಲ್ಗೇರಿಯದ ಪೀಟರ್ ಝೆಕೊವ್ 1969ರಲ್ಲಿ ಗೆದ್ದ. 1976ರಲ್ಲಿ ಪುಟ್ಟ ದ್ವೀಪರಾಷ್ಟ್ರ ಸೈಪ್ರಸ್‌ನ ಒಮೊನಿಯ ಕ್ಲಬ್ಬಿನ ಸೊಟಿರಿಸ್ ಕೈಯಾಫಾಸ್ 39 ಗೋಲುಗಳೊಂದಿಗೆ ಇಡೀ ಯುರೋಪನ್ನು ಹಿಂದಿಕ್ಕಿದ. ಎರಡು ವರ್ಷಗಳ ನಂತರ ಆಸ್ಟ್ರಿಯದ ಹಾನ್ಸ್ ಕ್ರಾಂಕ್ಲ್ ಸರದಿ ಬಂತು.

ಆದರೆ ಈ ಸರಳತೆಯಲ್ಲೇ ಒಂದು ಅಪಾಯ ಅಡಗಿತ್ತು. ಇಂಗ್ಲೆಂಡಿನ ಅಥವಾ ಇಟಲಿಯ ಲೀಗಿನಲ್ಲಿ ಗೋಲು ಹೊಡೆಯುವುದೂ, ಎದುರಾಳಿಗಳು ದುರ್ಬಲರಾಗಿರುವ ಲೀಗಿನಲ್ಲಿ ಹೊಡೆಯುವುದೂ ಒಂದೇ ಅಲ್ಲ. ಎದುರಾಳಿ ಬೇಕೆಂದೇ ದಾರಿ ಬಿಟ್ಟುಕೊಟ್ಟರಂತೂ ಹೇಳುವುದೇ ಬೇಡ.

ಅನುಮಾನದ ಹೊಗೆ

ಬೂಟಿನ ಪಟ್ಟಿಯಲ್ಲಿ ರುಮೇನಿಯದ ಒಂದೇ ಕ್ಲಬ್ಬಿನ ಹೆಸರು ಮತ್ತೆ ಮತ್ತೆ ಕಾಣಿಸಿಕೊಂಡಿತು. ಅದು ರಾಜಧಾನಿ ಬುಕಾರೆಸ್ಟ್‌ನ ಡೈನಮೊ. ದುದು ಜಾರ್ಜೆಸ್ಕು 1975ರಲ್ಲಿ 33 ಗೋಲು, 1977ರಲ್ಲಿ 47 ಗೋಲು ಹೊಡೆದು ಗೆದ್ದ. 1987ರಲ್ಲಿ ರೋಡಿಯಾನ್ ಕಮಟಾರು 44, 1989ರಲ್ಲಿ ಡೋರಿನ್ ಮಟೆಯುತ್ಸ್ 43 ಗೋಲುಗಳೊಂದಿಗೆ ಮೊದಲಿಗರಾದರು. ಆಗ ರುಮೇನಿಯದಲ್ಲಿ ಚೌಷೆಸ್ಕುವಿನ ಕಮ್ಯುನಿಸ್ಟ್ ಆಳ್ವಿಕೆ. ಡೈನಮೊ ಗೃಹ ಇಲಾಖೆಯ ಕ್ಲಬ್, ಅದರ ಪ್ರತಿಸ್ಪರ್ಧಿ ಸ್ಟೆಯುವ ಸೇನೆಯ ಕ್ಲಬ್. ಪೊಲೀಸು ಮತ್ತು ಸೇನೆಯ ಬೆಂಬಲವಿದ್ದ ತಂಡಗಳ ಎದುರು ಊರೂರಿನ ಸಣ್ಣ ತಂಡಗಳು ಹೇಗೆ ಆಡಿಯಾವು ಎಂಬುದನ್ನು ಊಹಿಸುವುದು ಕಷ್ಟವಲ್ಲ.

1986-87ರ ಋತುವಿನಲ್ಲಿ ಆಸ್ಟ್ರಿಯ ವಿಯೆನ್ನ ಕ್ಲಬ್ಬಿನ ಟೋನಿ ಪೋಲ್ಸ್ಟರ್ 39 ಗೋಲುಗಳೊಂದಿಗೆ ಮುಂದಿದ್ದ. ಋತುವಿನ ಕೊನೆಯ ಕೆಲವು ಪಂದ್ಯಗಳಲ್ಲಿ ಕಮಟಾರು ಗೋಲುಗಳ ಮಳೆಯನ್ನೇ ಸುರಿಸಿ 44ಕ್ಕೆ ತಲುಪಿದ. ಬೂಟು ಬುಕಾರೆಸ್ಟಿಗೆ ಹೋಯಿತು. ಇದು ಸಹಜ ಆಟವೇ ಎಂಬ ಪ್ರಶ್ನೆ ಆಗಲೇ ಎದ್ದಿತ್ತು. 1989ರ ಡಿಸೆಂಬರಿನಲ್ಲಿ ಚೌಷೆಸ್ಕು ಆಡಳಿತ ಉರುಳಿದ ಬಳಿಕ ಸಂಘಟಕರು ಪೋಲ್ಸ್ಟರ್‌ಗೂ ಒಂದು ಚಿನ್ನದ ಬೂಟು ಕೊಟ್ಟರು. ಕಮಟಾರುವಿನ ಬೂಟನ್ನು ಮಾತ್ರ ಹಿಂದಕ್ಕೆ ಪಡೆಯಲಿಲ್ಲ. ಒಂದೇ ಋತುವಿಗೆ ಇಬ್ಬರು ವಿಜೇತರು, ಆದರೆ ಅವರ ಗೋಲುಗಳು ಸಮವಲ್ಲ. ಲೆಕ್ಕದ ಪುಸ್ತಕ ತಾನೇ ತನ್ನ ಮೇಲೆ ಅನುಮಾನ ಬರೆದುಕೊಂಡಂತಾಯಿತು.

ಬಹುಮಾನ ಇಲ್ಲದಿದ್ದರೆ ಗೋಲುಗಳ ಸಂಖ್ಯೆ ಬರಿಯ ಅಂಕಿಯಾಗಿ ಉಳಿಯುತ್ತಿತ್ತು. ಅಂಕಿಯ ತುದಿಗೆ ಚಿನ್ನವನ್ನೂ ದೇಶದ ಮಾನವನ್ನೂ ಕಟ್ಟಿದ ಮೇಲೆ ಅಂಕಿಯನ್ನೇ ಬೆಳೆಸುವ ಆಸೆ ಹುಟ್ಟುವುದು ಸಹಜ.

ಹದಿನೈದು ವರ್ಷ ಕಾದ ಆಟಗಾರ

ವ್ಯವಸ್ಥೆ ಕುಸಿದದ್ದು 1991ರಲ್ಲಿ. ಆ ಋತುವಿನಲ್ಲಿ ಯುಗೋಸ್ಲಾವಿಯದ ರೆಡ್ ಸ್ಟಾರ್ ಬೆಲ್‌ಗ್ರೇಡ್ ಕ್ಲಬ್ಬಿನ ಡಾರ್ಕೊ ಪಾಂಚೆವ್ 34 ಗೋಲು ಹೊಡೆದಿದ್ದ. ಆಗ ಸೈಪ್ರಸ್‌ನಿಂದ ಒಂದು ಆಕ್ಷೇಪ ಬಂತು. ತಮ್ಮ ಲೀಗಿನ ಆಟಗಾರನೊಬ್ಬ 40 ಗೋಲು ಹೊಡೆದಿದ್ದಾನೆ, ಬೂಟು ಅವನಿಗೇ ಸಲ್ಲಬೇಕು ಎಂಬುದು ಅಲ್ಲಿನ ಫುಟ್‌ಬಾಲ್ ಸಂಸ್ಥೆಯ ವಾದ. ಆದರೆ ಸೈಪ್ರಸ್ ಲೀಗಿನ ಅಧಿಕೃತ ಪಟ್ಟಿಯಲ್ಲಿ ಆ ಋತುವಿನ ಅಗ್ರ ಗೋಲುಗಾರರ ಹೆಸರಿನ ಮುಂದೆ ಇರುವುದು ಬರೀ 19. ನಲವತ್ತು ಎಲ್ಲಿ, ಹತ್ತೊಂಬತ್ತು ಎಲ್ಲಿ! ಸಂಘಟಕರು ಬೇಸತ್ತು ಪ್ರಶಸ್ತಿಯನ್ನೇ ನಿಲ್ಲಿಸಿಬಿಟ್ಟರು.

ಇದರ ಪೆಟ್ಟು ಬಿದ್ದದ್ದು ಪಾಂಚೆವ್‌ಗೆ. ಅದೇ ವರ್ಷ ಮೇ 29ರಂದು ಇಟಲಿಯ ಬಾರಿಯಲ್ಲಿ ನಡೆದ ಯುರೋಪಿಯನ್ ಕಪ್ ಫೈನಲ್‌ನಲ್ಲಿ ರೆಡ್ ಸ್ಟಾರ್ ತಂಡ ಫ್ರಾನ್ಸಿನ ಮಾರ್ಸೇಲನ್ನು ಪೆನಾಲ್ಟಿ ಒದೆತಗಳಲ್ಲಿ ಸೋಲಿಸಿತ್ತು. ಗೆಲುವಿನ ಕೊನೆಯ ಪೆನಾಲ್ಟಿಯನ್ನು ಒದ್ದವನು ಪಾಂಚೆವ್. ತಿಂಗಳೊಪ್ಪತ್ತಿನಲ್ಲೇ ಯುಗೋಸ್ಲಾವಿಯದಲ್ಲಿ ಯುದ್ಧ ಆರಂಭವಾಯಿತು. ದೇಶ ಒಡೆಯಿತು, ತಂಡ ಚದುರಿತು. ಪಾಂಚೆವ್‌ನ ನಾಡು ಮ್ಯಾಸಿಡೋನಿಯ ಬೇರೆ ದೇಶವಾಯಿತು. ನ್ಯಾಯವಾಗಿ ಸಿಗಬೇಕಿದ್ದ ಚಿನ್ನದ ಬೂಟು ಆತನ ಕೈ ಸೇರಿದ್ದು 2006ರಲ್ಲಿ, ಹದಿನೈದು ವರ್ಷಗಳ ನಂತರ. ಅಷ್ಟು ಹೊತ್ತಿಗೆ ಆತ ಆಟದಿಂದಲೇ ನಿವೃತ್ತನಾಗಿದ್ದ.

ಪ್ರಶಸ್ತಿ ನಿಂತಿದ್ದ ವರ್ಷಗಳಲ್ಲಿ ಯುರೋಪಿನ ನಕ್ಷೆಯೂ ಬದಲಾಗುತ್ತಿತ್ತು. ಸೋವಿಯತ್ ಒಕ್ಕೂಟ ಮತ್ತು ಯುಗೋಸ್ಲಾವಿಯ ಒಡೆದು ಹತ್ತಾರು ಹೊಸ ಲೀಗ್‌ಗಳು ಹುಟ್ಟಿದವು. 1992ರಲ್ಲಿ ವೇಲ್ಸ್ ಕೂಡ ತನ್ನದೇ ಲೀಗ್ ಕಟ್ಟಿತು. 1993-94ರಲ್ಲಿ ವೇಲ್ಸ್‌ನ ಪೋರ್ತ್‌ಮಡಾಗ್ ಎಂಬ ಚಿಕ್ಕ ಊರಿನ ಕ್ಲಬ್ಬಿನ ಡೇವಿಡ್ ಟೇಲರ್ 43 ಗೋಲು, 1995-96ರಲ್ಲಿ ಜಾರ್ಜಿಯದ ಝ್ವಿಯಾದ್ ಎಂಡೆಲಾಡ್ಜೆ 40 ಗೋಲು ಹೊಡೆದರು. ಹಳೆಯ ನಿಯಮವೇ ಉಳಿದಿದ್ದರೆ ಬೂಟು ಇವರ ಮನೆಗೆ ಹೋಗುತ್ತಿತ್ತು.

ತಕ್ಕಡಿ ಬಂತು

1996-97ರಲ್ಲಿ ಯುರೋಪಿನ ಕ್ರೀಡಾ ಪತ್ರಿಕೆಗಳ ಒಕ್ಕೂಟವೊಂದು ಬೂಟಿಗೆ ಮರುಜೀವ ಕೊಟ್ಟಿತು. ಈ ಸಲ ಗೋಲುಗಳನ್ನು ಎಣಿಸಿದರಷ್ಟೇ ಸಾಲದು, ತೂಗಲೂ ಬೇಕು ಎಂದು ತೀರ್ಮಾನವಾಯಿತು. ಯುರೋಪಿನ ಫುಟ್‌ಬಾಲ್ ಸಂಸ್ಥೆ ಯೂಫಾ, ಪ್ರತಿ ದೇಶದ ಕ್ಲಬ್‌ಗಳು ಹಿಂದಿನ ಐದು ಋತುಗಳಲ್ಲಿ ಯುರೋಪಿಯನ್ ಪಂದ್ಯಾವಳಿಗಳಲ್ಲಿ ತೋರಿದ ಸಾಧನೆಯ ಆಧಾರದ ಮೇಲೆ ಲೀಗ್‌ಗಳಿಗೆ ಸ್ಥಾನ ನೀಡುತ್ತದೆ. ಆ ಪಟ್ಟಿಯ ಮೇಲ್ಸಾಲಿನ ಲೀಗ್‌ಗಳ ಗೋಲಿಗೆ ಎರಡು ಅಂಕ, ನಡುಸಾಲಿನವಕ್ಕೆ ಒಂದೂವರೆ, ಕೆಳಸಾಲಿನವಕ್ಕೆ ಒಂದು. ಹೊಸ ಲೆಕ್ಕದಲ್ಲಿ ಮೊದಲು ಗೆದ್ದವನು ಬಾರ್ಸಿಲೋನಾದ ಬ್ರೆಜಿಲ್ ಆಟಗಾರ ರೊನಾಲ್ಡೊ. ಗೋಲು 34, ಅಂಕ 68.

ಇದರಿಂದ ಸುಳ್ಳು ಲೆಕ್ಕದ ಹಾವಳಿ ತಗ್ಗಿತು. ಆದರೆ ತಕ್ಕಡಿಗೂ ತನ್ನದೇ ವಿಚಿತ್ರಗಳಿದ್ದವು. ಬ್ರೆಜಿಲ್‌ನ ಮಾರಿಯೊ ಜಾರ್ಡೆಲ್ 1998-99ರಲ್ಲಿ ಪೋರ್ಚುಗಲ್‌ನ ಪೋರ್ಟೊ ಪರ 36 ಗೋಲು ಹೊಡೆದು 72 ಅಂಕ ಗಳಿಸಿದ. ಮೂರು ವರ್ಷಗಳ ನಂತರ ಅದೇ ಲೀಗಿನ ಸ್ಪೋರ್ಟಿಂಗ್ ಪರ 42 ಗೋಲು ಹೊಡೆದಾಗ ದೊರೆತದ್ದು 63 ಅಂಕ. ಎರಡು ಸಲವೂ ಬೂಟು ಅವನದೇ. ಆದರೆ ಆರು ಗೋಲು ಹೆಚ್ಚಾದಾಗ ಒಂಬತ್ತು ಅಂಕ ಕಡಿಮೆಯಾಗಿತ್ತು. ನಡುವೆ ಬದಲಾದದ್ದು ಪೋರ್ಚುಗಲ್ ಲೀಗಿನ ತೂಕ.

ಜಾರ್ಡೆಲ್ ಗೆದ್ದ 2002ರ ನಂತರ 2025ರವರೆಗೆ ಸ್ಪೇನ್, ಇಂಗ್ಲೆಂಡ್, ಇಟಲಿ, ಜರ್ಮನಿಗಳ ಆಚೆಯ ಲೀಗಿನ ಯಾರಿಗೂ ಈ ಬೂಟು ಸಿಕ್ಕಿಲ್ಲ. 2024-25ರಲ್ಲಿ ಸ್ಪೋರ್ಟಿಂಗ್ ಪರ ಸ್ವೀಡನ್‌ನ ವಿಕ್ಟರ್ ಯೋಕೆರೆಸ್ 39 ಗೋಲು ಹೊಡೆದ. ರಿಯಲ್ ಮ್ಯಾಡ್ರಿಡ್‌ನ ಕಿಲಿಯನ್ ಎಂಬಾಪೆ ಹೊಡೆದದ್ದು 31. ಆದರೆ 39 ಗೋಲು 58.5 ಅಂಕವಾಯಿತು, 31 ಗೋಲು 62 ಅಂಕವಾಯಿತು. ಬೂಟು ಎಂಬಾಪೆಗೆ ಹೋಯಿತು. ಕೈಯಾಫಾಸ್‌ನಂಥವನೊಬ್ಬ ಸೈಪ್ರಸ್‌ನಲ್ಲಿ ಈಗ ಹುಟ್ಟಿಬಂದರೂ ಗೆಲ್ಲುವುದು ಅಸಾಧ್ಯವೆಂಬಷ್ಟು ಕಷ್ಟ.

ತೂಕದ ಮಾತು ಬಿಟ್ಟರೂ, ಗೋಲು ಯಾರದು ಎಂಬ ಪ್ರಶ್ನೆಯೇ ಕೆಲವೊಮ್ಮೆ ಏಳುತ್ತದೆ. 2010-11ರಲ್ಲಿ ರಿಯಲ್ ಮ್ಯಾಡ್ರಿಡ್‌ನ ಕ್ರಿಸ್ಟಿಯಾನೊ ರೊನಾಲ್ಡೊ ಒದ್ದ ಫ್ರೀ ಕಿಕ್ ಒಂದು ಸಹ ಆಟಗಾರ ಪೆಪೆಯ ಬೆನ್ನಿಗೆ ತಗಲಿ ಗೋಲಿನೊಳಗೆ ಹೋಯಿತು. ಸ್ಪೇನ್‌ನ 'ಮಾರ್ಕಾ' ಪತ್ರಿಕೆ ಅದನ್ನು ರೊನಾಲ್ಡೊ ಲೆಕ್ಕಕ್ಕೆ ಹಾಕಿ 41 ಎಂದಿತು. ಅಧಿಕೃತ ಲೆಕ್ಕದಲ್ಲಿ ಅದು ಪೆಪೆಯ ಗೋಲು, ಹಾಗಾಗಿ ರೊನಾಲ್ಡೊನದು 40. ಎರಡೂ ಅಂಕಿಗಳು ಇಂದಿಗೂ ಅಚ್ಚಿನಲ್ಲಿವೆ.

2011-12ರಲ್ಲಿ ಬಾರ್ಸಿಲೋನಾದ ಲಯೊನೆಲ್ ಮೆಸ್ಸಿ 50 ಗೋಲು ಹೊಡೆದು ಬೂಟು ಗೆದ್ದಾಗ ಜಾರ್ಜೆಸ್ಕುವಿನ 47 ಗೋಲುಗಳ ದಾಖಲೆ ಮುರಿಯಿತು. ಪಟ್ಟಿಯಲ್ಲಿ ಈ ಎರಡು ಅಂಕಿಗಳೂ ಒಂದೇ ಅಳತೆಯ ಅಕ್ಷರಗಳಲ್ಲಿ ಇವೆ. ಆದರೆ ಒಂದರ ಹಿಂದಿನ ನಿಯಮ ಬೇರೆ, ಇನ್ನೊಂದರ ಹಿಂದಿನದು ಬೇರೆ. ದಾಖಲೆಯ ಪುಸ್ತಕ ಯಾರು ಎಷ್ಟು ಹೊಡೆದರು ಎಂದು ಹೇಳುತ್ತದೆ. ಯಾರ ಎದುರು ಹೊಡೆದರು, ಯಾರು ಎಣಿಸಿದರು, ಯಾವ ತಕ್ಕಡಿಯಲ್ಲಿ ತೂಗಿದರು ಎಂಬುದನ್ನು ಓದುಗರೇ ಕೇಳಿಕೊಳ್ಳಬೇಕು.