ಪೊಲೀಸ್ ಕಾರ್ಯಾಚರಣೆ, 1948: ಉಮರ್ಗಾ, ನಿಲಂಗಾ, ಉದಗೀರ್ ಗಡಿ

ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿಕೊಳ್ಳಲು 1948ರ ಸೆಪ್ಟೆಂಬರ್ 13ರಿಂದ 18ರವರೆಗೆ ನಡೆದ ಸೇನಾ ಕಾರ್ಯಾಚರಣೆಗೆ ‘ಪೊಲೀಸ್ ಕಾರ್ಯಾಚರಣೆ’ ಎಂಬ ಹೆಸರು ನಿಂತಿದೆ. ಅದಕ್ಕೂ ಮುಂಚಿನ ಒಂದು ವರ್ಷ ಗಡಿ ತಾಲ್ಲೂಕುಗಳಲ್ಲಿ ಸಂಸ್ಥಾನದ ಪರ ನಿಂತ ರಜಾಕಾರರ ಪಡೆಯ ಹಾವಳಿಯೂ ಪೊಲೀಸ್ ಠಾಣೆಗಳ ಮೇಲಿನ ದಾಳಿಗಳೂ ನಡೆದವು. ಕಾರ್ಯಾಚರಣೆ ಮುಗಿದ ಮೇಲಿನ ವಾರಗಳಲ್ಲಿ ಅದೇ ಸೀಮೆಯ ಮುಸ್ಲಿಮರ ಹತ್ಯೆಗಳಾದವು. ಈ ಲೇಖನ ಮೂರನ್ನೂ ಒಟ್ಟಿಗೆ ನೋಡುತ್ತದೆ.

ಈ ಸೀಮೆಯ ದಾಖಲೆಗಳಲ್ಲಿ ಗೊಂದಲ ಹುಟ್ಟಿದ್ದು ಜಿಲ್ಲೆಗಳ ಗಡಿ ಬದಲಾದದ್ದರಿಂದ. 1948ರಲ್ಲಿ ಉದಗೀರ್ ಮತ್ತು ನಿಲಂಗಾ ಬೀದರ್ ಜಿಲ್ಲೆಯ ತಾಲ್ಲೂಕುಗಳಾಗಿದ್ದವು. ಉಮರ್ಗಾ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯಲ್ಲಿತ್ತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅಹಮದ್‌ಪುರ, ನಿಲಂಗಾ, ಉದಗೀರ್ ಮುಂಬಯಿ ರಾಜ್ಯಕ್ಕೆ ಹೋದವು, 1982ರಲ್ಲಿ ಲಾತೂರ್ ಜಿಲ್ಲೆಗೆ ಸೇರಿದವು. ಹಾಗಾಗಿ ಬೀದರಿನ ಇತಿಹಾಸ ಬರೆದ ಕನ್ನಡದವರು ಈ ತಾಲ್ಲೂಕುಗಳನ್ನು ಕೈಬಿಟ್ಟರೆ, ಮರಾಠವಾಡದ ಇತಿಹಾಸ ಬರೆದವರಿಗೆ ಬೀದರಿನ ಕಡತ ಹೊರಗಿನದಾಯಿತು. 1948ರ ಕಾಗದಪತ್ರದಲ್ಲಿ ‘ಬೀದರ್ ಜಿಲ್ಲೆ’ ಎಂದಿದ್ದರೆ ಅದರಲ್ಲಿ ಉದಗೀರೂ ನಿಲಂಗಾವೂ ಸೇರಿವೆಯೆಂದೇ ಓದಬೇಕು.

ಹಿನ್ನೆಲೆ ಹೆಚ್ಚಿನ ಓದುಗರಿಗೆ ಗೊತ್ತಿರುವುದೇ. ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ 1947ರ ನವೆಂಬರ್ 29ರಂದು ಭಾರತದೊಂದಿಗೆ ಯಥಾಸ್ಥಿತಿ ಒಪ್ಪಂದ ಮಾಡಿಕೊಂಡರು. ಇತ್ತೇಹಾದುಲ್ ಮುಸ್ಲಿಮೀನ್ ಪಕ್ಷದ ನಾಯಕ, ಲಾತೂರಿನ ವಕೀಲ ಕಾಸಿಂ ರಜ್ವಿ ರಜಾಕಾರರ ಪಡೆ ಬೆಳೆಸಿದರು. ಎದುರು ಪಕ್ಷದಲ್ಲಿ, ಉದಗೀರಿನಲ್ಲಿ ಆರ್ಯ ಸಮಾಜದ ಬೇರು ಇನ್ನೂ ಹಳೆಯದು. ಅಲ್ಲಿನ ಮುಖಂಡ ಶ್ಯಾಮಲಾಲ್ 1938ರಲ್ಲಿ ಬೀದರ್ ಜೈಲಿನಲ್ಲೇ ತೀರಿಕೊಂಡರು. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಮುಂದಾಳು ಸ್ವಾಮಿ ರಮಾನಂದ ತೀರ್ಥರು ಸಿಂದಗಿಯಲ್ಲಿ ಹುಟ್ಟಿ, ಉಮರ್ಗಾ ಸೀಮೆಗೆ ಹತ್ತಿರದ ಹಿಪ್ಪರಗಾದ ರಾಷ್ಟ್ರೀಯ ಶಾಲೆಯಲ್ಲಿ ಮೇಷ್ಟರಾಗಿದ್ದವರು.

ಠಾಣೆಗಳ ಮೇಲಿನ ದಾಳಿಯ ಕಥೆ ಇಷ್ಟು ಸರಳವಲ್ಲ. ಸ್ಟೇಟ್ ಕಾಂಗ್ರೆಸ್ ಗಡಿಯಾಚೆ ಭಾರತದ ನೆಲದಲ್ಲಿ ಶಿಬಿರಗಳನ್ನು ತೆರೆಯಿತು. ಕನ್ನಡ ಭಾಗದಲ್ಲಿ ಅಳವಂಡಿ ಶಿವಮೂರ್ತಿ ಸ್ವಾಮಿಗಳ ಮುಂಡರಗಿ ಶಿಬಿರ ಹೆಸರಾದದ್ದು. ಉಸ್ಮಾನಾಬಾದ್ ಗಡಿಯ ಉದ್ದಕ್ಕೂ ಅಂಥವೇ ಇದ್ದವು. ಶಿಬಿರದವರು ನಿಜಾಮನ ಕರೋಡಗಿರಿ (ಸುಂಕದ) ನಾಕೆಗಳನ್ನು ಸುಟ್ಟರು, ಪೊಲೀಸ್ ಠಾಣೆಗಳಿಗೆ ನುಗ್ಗಿ ಬಂದೂಕು ಕಿತ್ತುಕೊಂಡರು. ಹೋರಾಟಗಾರರ ನೆನಪುಗಳಲ್ಲಿ ಇವು ಸಾಹಸದ ಅಧ್ಯಾಯಗಳು. ಆದರೆ 1948ರ ಜನವರಿಯಿಂದ ಉಸ್ಮಾನಾಬಾದಿನ ಕಲೆಕ್ಟರ್ ಆಗಿದ್ದ ಮೊಹಮ್ಮದ್ ಹೈದರ್ ಅವರ ಆತ್ಮಕಥನ, ಅವರು ತೀರಿಕೊಂಡು ಎಷ್ಟೋ ವರ್ಷಗಳ ನಂತರ 2012ರಲ್ಲಿ ಅಚ್ಚಾದದ್ದು, ಇದೇ ದಾಳಿಗಳನ್ನು ಆಡಳಿತದ ಕಡೆಯಿಂದ ಕಾಣಿಸುತ್ತದೆ. ಗಡಿ ಹಳ್ಳಿಗಳಲ್ಲಿ ದಿನದಿನಕ್ಕೂ ಭಯ ಹೆಚ್ಚುತ್ತಿತ್ತು. ಪೊಲೀಸರು ಸಾಲದಾದಾಗ ಆ ಜಾಗಕ್ಕೆ ರಜಾಕಾರರು ಬಂದು ಕೂತರು. ಹೈದರ್ ಸ್ವತಃ ಸೆಪ್ಟೆಂಬರ್ ನಂತರ ಜೈಲು ಕಂಡರು.

ಸಂಸ್ಥಾನದ ಹಳ್ಳಿಯಲ್ಲಿ ಪೊಲೀಸ್ ಪಾಟೀಲ, ಮಾಲಿ ಪಾಟೀಲ, ಪಟವಾರಿ ಬಹುಪಾಲು ಹಿಂದೂಗಳು. ಠಾಣೆಯ ಸಿಬ್ಬಂದಿ ಬಹುಪಾಲು ಮುಸ್ಲಿಮರು, ಅಲ್ಲಿನ ಬರವಣಿಗೆಯೆಲ್ಲ ಉರ್ದುವಿನಲ್ಲಿ. ಹೀಗಿರುವಾಗ ಸರ್ಕಾರದ ಮೇಲೆಂದು ನಡೆದ ದಾಳಿ ಒಂದು ಸಮುದಾಯದ ಮೇಲಿನ ದಾಳಿಯಾಗಿ ಕಂಡಿತು. ಸರ್ಕಾರದ ಹೆಸರಿನ ಪ್ರತೀಕಾರ ಇನ್ನೊಂದು ಸಮುದಾಯದ ಮೇಲೆ ಬಿತ್ತು. ಮುಂದಿನದನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಮುಖ್ಯವಾದ ಸಂಗತಿ ಇಲ್ಲ.

1948ರ ಮೇ ತಿಂಗಳಲ್ಲಿ ಬಸವಕಲ್ಯಾಣ ಸೀಮೆಯ ಗೋರ್ಟಾ ಗ್ರಾಮದ ಮೇಲೆ ರಜಾಕಾರರು ಬಿದ್ದರು. ಸತ್ತವರು 200ಕ್ಕೂ ಹೆಚ್ಚು ಎಂಬುದು ಊರಿನವರು ಹೇಳುತ್ತ ಬಂದ ಲೆಕ್ಕ. ಭಾರತ ಸರ್ಕಾರ ಅದೇ ವರ್ಷ ಹೊರಡಿಸಿದ ಹೈದರಾಬಾದ್ ಶ್ವೇತಪತ್ರ ರಜಾಕಾರರ ಕೃತ್ಯಗಳನ್ನು ಪಟ್ಟಿ ಮಾಡಿತು. ರಜಾಕಾರರನ್ನು ವಿರೋಧಿಸಿದ ಮುಸ್ಲಿಮರೂ ಇದ್ದರು: ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ಹೈದರಾಬಾದಿನಲ್ಲಿ ಆಗಸ್ಟ್‌ನಲ್ಲಿ ಕೊಲೆಯಾದರು.

ಯುದ್ಧ ಈ ಸೀಮೆಯಲ್ಲಿ ಎರಡೇ ದಿನದ್ದು. ಸೋಲಾಪುರದಿಂದ ಹೊರಟ ಮುಖ್ಯ ದಂಡು ಮೊದಲ ದಿನವೇ ನಳದುರ್ಗ ಹಿಡಿದು ಉಮರ್ಗಾದಲ್ಲಿ ಬೀಡುಬಿಟ್ಟಿತು, ಮರುದಿನ ರಾಜೇಶ್ವರಕ್ಕೆ ನಡೆಯಿತು. 18ರಂದು ನಿಜಾಮನ ಸೇನಾಧಿಪತಿ ಎಲ್ ಎದ್ರೂಸ್, ಮೇಜರ್ ಜನರಲ್ ಜೆ.ಎನ್. ಚೌಧುರಿಯವರಿಗೆ ಶರಣಾದರು.

ಹೆಚ್ಚಿನ ಪುಸ್ತಕಗಳು ಇಲ್ಲಿಗೆ ನಿಲ್ಲುತ್ತವೆ. ಆಗಬಾರದ್ದು ಆದದ್ದು ಆಮೇಲೆ. ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಈ ಮೂವರ ನಿಯೋಗದವರು ನವೆಂಬರ್ 29ರಿಂದ ಡಿಸೆಂಬರ್ 21ರವರೆಗೆ 16 ಜಿಲ್ಲೆಗಳ ಪೈಕಿ ಒಂಬತ್ತರಲ್ಲಿ ತಿರುಗಿದರು. ತಾವು ಹೋಗಲಾಗದ 109 ಹಳ್ಳಿಗಳ 500ಕ್ಕೂ ಹೆಚ್ಚು ಜನರನ್ನು ಮಾತಾಡಿಸಿದರು. ಇಡೀ ಸಂಸ್ಥಾನದಲ್ಲಿ 27,000ದಿಂದ 40,000 ಮಂದಿ ಸತ್ತಿರಬೇಕೆಂದು ಅಂದಾಜು ಮಾಡಿದರು. ಅದರಲ್ಲಿ 18,000ಕ್ಕೆ ಕಡಿಮೆಯಿಲ್ಲದಷ್ಟು ಸಾವು ಉಸ್ಮಾನಾಬಾದ್, ಗುಲಬರ್ಗಾ, ಬೀದರ್, ನಾಂದೇಡ್ ಎಂಬ ನಾಲ್ಕೇ ಜಿಲ್ಲೆಗಳದು. ಉಮರ್ಗಾ, ನಿಲಂಗಾ, ಉದಗೀರ್ ಮೂರೂ ಈ ನಾಲ್ಕರ ಒಳಗೇ ಬರುತ್ತವೆ. ರಜ್ವಿಯ ಊರಾದ ಲಾತೂರಿನಲ್ಲಿ ಕೊಲೆ 20 ದಿನಕ್ಕೂ ಹೆಚ್ಚು ನಡೆಯಿತು. ಸುಮಾರು 10,000 ಮುಸ್ಲಿಮರಿದ್ದ ಪೇಟೆಯಲ್ಲಿ ನಿಯೋಗಕ್ಕೆ ಕಂಡವರು 3,000 ಮಾತ್ರ. ಒಂದು ಬಾವಿಯಲ್ಲಿ ಕೊಳೆಯುತ್ತಿದ್ದ 11 ಹೆಣಗಳನ್ನು ಅವರು ಎಣಿಸಿದರು. ಅದರಲ್ಲೊಂದು, ಎದೆಗೆ ಕೂಸು ಅಂಟಿಕೊಂಡೇ ಇದ್ದ ತಾಯಿಯದು.

ಯಾರು ಮಾಡಿದರು ಎಂಬುದಕ್ಕೆ ನಿಯೋಗದ ವರದಿ ಒಂದೇ ಉತ್ತರ ಕೊಡುವುದಿಲ್ಲ. ಸೇನೆಯ ಬೆನ್ನಿಗೇ ಸೋಲಾಪುರ ಮುಂತಾದ ಕಡೆಯಿಂದ ನುಗ್ಗಿದ ಗುಂಪುಗಳನ್ನು ಅದು ಹೆಸರಿಸುತ್ತದೆ. ಕೆಲವೆಡೆ ಸೈನಿಕರೂ ಸ್ಥಳೀಯ ಪೊಲೀಸರೂ ಲೂಟಿಯಲ್ಲಿ ಕೈಜೋಡಿಸಿದ್ದನ್ನು, ಗುಂಪನ್ನು ಹುರಿದುಂಬಿಸಿದ್ದನ್ನು ದಾಖಲಿಸುತ್ತದೆ. ನೆರೆಯವರನ್ನು ಕಾಪಾಡಿದ ಹಿಂದೂಗಳನ್ನೂ ಮರೆಯುವುದಿಲ್ಲ. ಮುಸ್ಲಿಂ ನೇಕಾರರನ್ನು ಉಳಿಸಲು ಹೋಗಿ ಹಿಂದೂ ನೇಕಾರರು ಪ್ರಾಣ ಕೊಟ್ಟದ್ದನ್ನು ಹೇಳುತ್ತದೆ.

ವರದಿಯನ್ನು ಸರ್ಕಾರ ಪ್ರಕಟಿಸಲಿಲ್ಲ. ತಮ್ಮನ್ನು ಕಳಿಸಿದ್ದು ಭಾರತ ಸರ್ಕಾರವೆಂದು ನಿಯೋಗ ಬರೆದರೆ, ಸರ್ದಾರ್ ಪಟೇಲರು ಅದನ್ನು ಒಪ್ಪಲಿಲ್ಲ. ವಿದ್ವಾಂಸ ವಿಲ್ಫ್ರೆಡ್ ಕ್ಯಾಂಟ್‌ವೆಲ್ ಸ್ಮಿತ್ 1950ರಲ್ಲೇ ಈ ದುರಂತದ ಬಗ್ಗೆ ಬರೆದಿದ್ದರು. ಒಮರ್ ಖಾಲಿದಿ 1988ರಲ್ಲಿ, ಎ.ಜಿ. ನೂರಾನಿ 2001 ಮತ್ತು 2013ರಲ್ಲಿ ವರದಿಯನ್ನು ಓದುಗರ ಮುಂದಿಟ್ಟರು. 2013ರ ಹೊತ್ತಿಗೆ ಅದು ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ನೋಡಲು ಸಿಗುವಂತಾಯಿತು. ಅಂದರೆ ಒಂದು ಕಡೆಯ ಸಾವುಗಳಿಗೆ ಅದೇ ವರ್ಷ ಶ್ವೇತಪತ್ರ ಸಿಕ್ಕಿತು, ಇನ್ನೊಂದು ಕಡೆಯವು ಹತ್ತಾರು ವರ್ಷ ಕಾಯಬೇಕಾಯಿತು. ಗೋರ್ಟಾವನ್ನು ಮಾತ್ರ ಹೇಳುವ, ಇಲ್ಲವೇ ಲಾತೂರನ್ನು ಮಾತ್ರ ಹೇಳುವ ಎರಡು ಬಗೆಯ ಬರವಣಿಗೆ ಬೆಳೆದದ್ದು ಹೀಗೆ. ಸುನಿಲ್ ಪುರುಷೋತ್ತಮ್ ಅವರಂಥ ಇತ್ತೀಚಿನ ಸಂಶೋಧಕರು ಗಡಿ ದಾಳಿಗಳಿಂದ ಸೆಪ್ಟೆಂಬರ್ ನಂತರದ ಹತ್ಯೆಗಳವರೆಗೆ ಎಲ್ಲವನ್ನೂ ಒಂದೇ ಸರಣಿಯಾಗಿ ಓದಿದ್ದಾರೆ. ಈ ಮೂರು ತಾಲ್ಲೂಕುಗಳಿಗೆ ಹೊಂದುವ ಓದು ಅದೇ.

ರಜ್ವಿ ಶಿಕ್ಷೆ ಮುಗಿಸಿ 1957ರಲ್ಲಿ ಪಾಕಿಸ್ತಾನಕ್ಕೆ ಹೋದರು. ಸೆಪ್ಟೆಂಬರ್ 17 ಗಡಿಯ ಆಚೆ ಮರಾಠವಾಡ ಮುಕ್ತಿಸಂಗ್ರಾಮ ದಿನ, ಈಚೆ 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ. ಗೋರ್ಟಾದಲ್ಲಿ ಹುತಾತ್ಮರ ಸ್ಮಾರಕ 2023ರ ಮಾರ್ಚ್ 26ರಂದು ಉದ್ಘಾಟನೆಯಾಯಿತು. 2024ರಲ್ಲಿ ಕೇಂದ್ರ ಗೃಹ ಸಚಿವಾಲಯ ಸೆಪ್ಟೆಂಬರ್ 17ನ್ನು ಪ್ರತಿವರ್ಷ ಹೈದರಾಬಾದ್ ವಿಮೋಚನಾ ದಿನವಾಗಿ ಆಚರಿಸಲು ಅಧಿಸೂಚನೆ ಹೊರಡಿಸಿತು.